ಜೆರಾಕ್ಸ್ ಅಂಗಡಿಯಲ್ಲಿ ಉಳಿದುಹೋಗುವ ಆಧಾರ್

ಸಾರ್ವಜನಿಕ ವೈಫೈ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಆತಂಕ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನದು. ಅಂಥ ಕಡೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರವರ ಆಧಾರ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಅಂಕಪಟ್ಟಿ ಎಲ್ಲ ಸಾಲಾಗಿ ಕೂತಿರುತ್ತವೆ. ಅಂಗಡಿಯವರು ಕೆಟ್ಟವರು ಅಂತಲ್ಲ, ಗಿರಾಕಿಗಳ ಗದ್ದಲದಲ್ಲಿ ಅಳಿಸಲು ಪುರುಸೊತ್ತಿರುವುದಿಲ್ಲ.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅನ್ನಬಹುದು. ಅದು ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲಿ ಹುಟ್ಟಿದ ಇಸವಿ, ಅಷ್ಟೇ. ಪಕ್ಕದಲ್ಲೇ ಅಂಕಪಟ್ಟಿ ಇದ್ದರೆ ಎರಡೂ ಸಿಕ್ಕಿಬಿಡುತ್ತವೆ.

ನಂಬರ್ ಸಿಕ್ಕರೇನಾಯಿತು? ಆಧಾರ್ ಆಧಾರಿತ ಪಾವತಿಯಲ್ಲಿ, ಅಂದರೆ ಎಇಪಿಎಸ್‌ನಲ್ಲಿ, ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು; ಒಟಿಪಿ ಬರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಹಣ ತೆಗೆದ ಪ್ರಕರಣಗಳು ಬಯಲಾದವು. ಆದ್ದರಿಂದ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚು ಬಳಕೆಯಾಗದಂತೆ ತಡೆಯುವ ಬೀಗ, ಹಾಕಿಡಿ. ಹೆಬ್ಬೆಟ್ಟು ಕೊಟ್ಟು ಪಡಿತರ ಪಡೆಯುವವರು ಹೋಗುವ ಮುನ್ನ ಅದನ್ನು ತಾತ್ಕಾಲಿಕವಾಗಿ ತೆಗೆಯಬೇಕು, ಇಲ್ಲದಿದ್ದರೆ ಯಂತ್ರ ತಿರಸ್ಕರಿಸುತ್ತದೆ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಪ್ರಿಂಟ್‌ಗೆ ಒಯ್ಯುವುದಾದರೆ ಮಾಸ್ಕ್ಡ್ ಆಧಾರ್ ಒಯ್ಯಿರಿ. ಮೈಆಧಾರ್ ತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಅದರ ಚೌಕಕ್ಕೆ ಟಿಕ್ ಹಾಕಿದರೆ ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ಕಾಣುತ್ತವೆ. ಪೂರ್ತಿ ಸಂಖ್ಯೆ ಕೇಳುವ ಕಚೇರಿಗಳೂ ಇವೆ, ಮೊದಲೇ ವಿಚಾರಿಸಿಕೊಳ್ಳಿ.

ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿ ಆಮೇಲೆ ‘ಡಿಲೀಟ್ ಫಾರ್ ಎವೆರಿಒನ್’ ಒತ್ತಿದರೆ ಚಾಟ್‌ನಿಂದಷ್ಟೇ ಹೋಗುತ್ತದೆ, ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿ ಹಾಗೇ ಉಳಿಯುತ್ತದೆ. ಫೈಲನ್ನು ಆಯ್ಕೆ ಮಾಡಿ ಶಿಫ್ಟ್ ಜೊತೆ ಡಿಲೀಟ್ ಒತ್ತಿ ಅಂತ ಎದುರಿಗೇ ಹೇಳಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಕೇಳಲು ಸಂಕೋಚ ಬೇಡ, ಕಾಗದ ನಿಮ್ಮದು.

ನೀವೇ ಅಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಟ್ಯಾಬ್ ಮುಚ್ಚಿದರೆ ಸಾಲದು. ಫೋನಿನ ವಾಟ್ಸಾಪ್‌ನಲ್ಲಿ ಮೂರು ಚುಕ್ಕಿ, ‘ಲಿಂಕ್ಡ್ ಡಿವೈಸಸ್’, ಆ ಕಂಪ್ಯೂಟರಿನ ಹೆಸರು, ‘ಲಾಗ್ ಔಟ್’: ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಇಷ್ಟು ಮಾಡಿ. ಬ್ರೌಸರಿನ ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿ ಹಿಸ್ಟರಿ ಉಳಿಸುವುದಿಲ್ಲ ನಿಜ, ಆದರೆ ಇಳಿಸಿದ ಫೈಲು ಉಳಿದೇ ಉಳಿಯುತ್ತದೆ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದಿಯುವ ತಂತ್ರಾಂಶ ಕಂಪ್ಯೂಟರಿನಲ್ಲಿದ್ದರೆ ಅದನ್ನೂ ತಡೆಯದು. ಹಾಗಾಗಿ ಬ್ಯಾಂಕ್ ಪಾಸ್‌ವರ್ಡ್ ಅಲ್ಲಿ ಟೈಪ್ ಮಾಡಲೇಬೇಡಿ.

ಪೆನ್‌ಡ್ರೈವ್ ಕೊಟ್ಟು ವಾಪಸ್ ತಂದ ಮೇಲೆ ಫೋಲ್ಡರುಗಳ ಮೇಲೆ ಪುಟ್ಟ ಬಾಣದ ಗುರುತು ಕಂಡರೆ ಕ್ಲಿಕ್ ಮಾಡಬೇಡಿ. ಅದು ಶಾರ್ಟ್‌ಕಟ್ ವೈರಸ್‌ನ ಲಕ್ಷಣ. ನಿಜವಾದ ಫೋಲ್ಡರನ್ನು ಅಡಗಿಸಿ ಅದೇ ಹೆಸರಿನಲ್ಲಿ ತಾನು ಕೂತಿರುತ್ತದೆ. ಕ್ಲಿಕ್ ಮಾಡಿದರೆ ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ. ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿಸಿ.