ಮನಾಲಿಯಿಂದ ಲೇಹ್‌ಗೆ ಸೈಕಲ್: ಏಳು ಜನ, ಹನ್ನೆರಡು ರಾತ್ರಿ, ಒಂದು ಮುರಿದ ಹ್ಯಾಂಗರ್

ಸೆಪ್ಟೆಂಬರ್‌ನಲ್ಲಿ ನಾವು ಏಳು ಜನ ಗೆಳೆಯರು ಮನಾಲಿಯಿಂದ ಲೇಹ್‌ಗೆ ಮೌಂಟನ್ ಬೈಕಿನಲ್ಲಿ ಹೊರಟೆವು. ಹಿಂದೆ ಜೀಪು ಇರಲಿಲ್ಲ. ಟೆಂಟು, ಸ್ಟೌ, ದಿನಸಿ ಎಲ್ಲ ಸೈಕಲ್ ಮೇಲೆಯೇ. ಆರು ಜನ ತುಳಿದುಕೊಂಡೇ ಲೇಹ್ ಸೇರಿದೆವು, ಏಳನೆಯವನು ತರಕಾರಿ ಲಾರಿಯಲ್ಲಿ ಬಂದ. ನಮ್ಮೆಲ್ಲರಿಗಿಂತ ಚೆನ್ನಾಗಿ ತುಳಿಯುವವನು ಅವನೇ. ಹೆಬ್ಬೆರಳಿನಷ್ಟು ದೊಡ್ಡ ಅಲ್ಯೂಮಿನಿಯಂ ತುಂಡೊಂದು ಮುರಿದು ಅವನ ಪ್ರಯಾಣ ಅರ್ಧಕ್ಕೆ ನಿಂತಿತು. ಗುಂಪು ಕಟ್ಟಿಕೊಂಡು ಈ ದಾರಿಗೆ ಹೊರಡುವವರಿಗೆ ಹಾಗಾಗಬಾರದು ಎಂದೇ ಬರೆಯುತ್ತಿದ್ದೇನೆ.

ಎಡವಟ್ಟು ಶುರುವಾದದ್ದು ದೆಹಲಿಯಲ್ಲಿ ಬಸ್ಸು ಹತ್ತುವಾಗ. ಟಿಕೆಟ್ ಮಾಡಿಸುವಾಗಲೇ ಏಳು ಸೈಕಲ್ ಇವೆ ಎಂದು ಹೇಳಿದ್ದೆವು, ‘ಡಿಕ್ಕಿಯಲ್ಲಿ ಆರಾಮಾಗಿ ಹಿಡಿಸುತ್ತೆ’ ಎಂದಿದ್ದರು. ಹೊರಡಲು ಹತ್ತು ನಿಮಿಷ ಇದೆ ಎನ್ನುವಾಗ ಒಂದೊಂದು ಸೈಕಲ್‌ಗೆ ಸಾವಿರ ರೂಪಾಯಿ ಕೇಳಿದರು. ರಸೀದಿ ಕೊಡಲಿಲ್ಲ. ಅಷ್ಟು ಹೊತ್ತಿನಲ್ಲಿ ಇನ್ನೆಲ್ಲಿ ಬಸ್ಸು ಹುಡುಕುವುದು, ಕೊಟ್ಟೆವು. ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಆಮೇಲಿನ ಕೆಲಸ. ಏಳನ್ನೂ ಒಂದರ ಮೇಲೊಂದು ಮಲಗಿಸಿ, ಮೇಲೆ ಯಾರದೋ ಮೂಟೆ, ಟ್ರಂಕು ಹೇರಿದರು. ಬೆಳಿಗ್ಗೆ ಮನಾಲಿಯಲ್ಲಿ ಇಳಿಸಿದಾಗ ಅಡಿಯಲ್ಲಿದ್ದ ಸೈಕಲ್‌ನ ಹಿಂದಿನ ಡಿರೇಲರ್ (ಗೇರು ಬದಲಿಸಲು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಚಕ್ರದ ಕಡ್ಡಿಗೆ ತಾಗುವಷ್ಟು ಒಳಕ್ಕೆ ಬಾಗಿತ್ತು.

ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡೇ ಹ್ಯಾಂಗರ್. ಪೆಟ್ಟು ಬಿದ್ದರೆ ತಾನು ಹೋಗಿ ಫ್ರೇಮ್ ಉಳಿಯಲಿ ಎಂದೇ ಅದನ್ನು ಮೆದುವಾಗಿ ಮಾಡಿರುತ್ತಾರೆ. ಬಾಗಿದ್ದನ್ನು ಕೈಯಲ್ಲೇ ನೆಟ್ಟಗೆ ಮಾಡಿದೆವು, ಗೇರುಗಳೂ ಬಿದ್ದವು, ಸಮಾಧಾನವಾಯಿತು. ಆದರೆ ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ ಅಲ್ಯೂಮಿನಿಯಂಗೆ ಮೊದಲಿನ ತಾಳಿಕೆ ಇರುವುದಿಲ್ಲ. ಜಿಂಗ್‌ಜಿಂಗ್‌ಬಾರ್ ಬಿಟ್ಟು ಬಾರಾಲಾಚಾ ಎಂಬ ಕಣಿವೆಬಾಗಿಲು (ಪರ್ವತ ದಾಟುವ ಪಾಸ್) ಏರುವಾಗ ಟಪ್ ಎಂದು ಸದ್ದಾಯಿತು, ಡಿರೇಲರ್ ಚೈನಿಗೆ ನೇತುಬಿತ್ತು.

ನಮ್ಮ ಚೀಲಗಳಲ್ಲಿ ಮೂರು ಹ್ಯಾಂಗರ್ ಇದ್ದವು. ಒಂದೂ ಅವನ ಫ್ರೇಮಿಗೆ ಕೂರಲಿಲ್ಲ. ಒಂದೊಂದು ಮಾದರಿಗೂ ಹ್ಯಾಂಗರ್ ಬೇರೆ, ಒಂದೇ ಕಂಪನಿಯ ಎರಡು ಸೈಕಲ್‌ಗಳಿಗೂ ಬೇರೆ ಇರಬಹುದು. ಡಿರೇಲರ್ ಕಿತ್ತು, ಚೈನು ತುಂಡು ಮಾಡಿ ಗಿಡ್ಡವಾಗಿಸಿ, ಒಂದೇ ಗೇರಿಗೆ ಕಟ್ಟಿಕೊಟ್ಟೆವು. ಹಿಂದಿನ ಚಕ್ರವನ್ನು ಹಿಂದಕ್ಕೆ ಮುಂದಕ್ಕೆ ಸರಿಸಲು ಆ ಫ್ರೇಮಿನಲ್ಲಿ ಅವಕಾಶ ಇಲ್ಲದ್ದರಿಂದ ಚೈನು ಬಿಗಿ ಬರಲಿಲ್ಲ. ಒತ್ತಿ ತುಳಿದರೆ ಪಕ್ಕದ ಹಲ್ಲುಚಕ್ರಕ್ಕೆ ಹಾರುತ್ತಿತ್ತು. ಅವನ ಸಾಮಾನು ನಾವು ಆರು ಜನ ಹಂಚಿಕೊಂಡೆವು. 4,890 ಮೀಟರ್ ಎತ್ತರದ ಬಾರಾಲಾಚಾವನ್ನು ಅವನು ತಳ್ಳಿಕೊಂಡೇ ದಾಟಿದ, ಆಚೆ ಸರ್ಚುವಿನ ತನಕ ಇಳಿಜಾರು, ಹೇಗೋ ಬಂದ. ಅದರಾಚೆಗೆ ಗಾಟಾ ಲೂಪ್ಸ್, 21 ತಿರುವುಗಳ ಏರು. ಮಾರನೆಯ ಬೆಳಿಗ್ಗೆ ಲಾರಿಗೆ ಸೈಕಲ್ ಎತ್ತಿಕೊಟ್ಟೆವು. ವರ್ಷವಿಡೀ ರಜೆ ಉಳಿಸಿಕೊಂಡು ಬಂದವನು, ಒಂದು ಮಾತೂ ಆಡಲಿಲ್ಲ. ಆ ಮುಖ ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ನಕ್ಷೆ ನೋಡುವುದಕ್ಕೂ ಮೊದಲು ಎಲ್ಲರ ಸೈಕಲನ್ನೂ ಒಂದು ಕಡೆ ಸಾಲಾಗಿ ತಲೆಕೆಳಗೆ ನಿಲ್ಲಿಸಿ. ಹ್ಯಾಂಗರ್ ಪ್ರತಿಯೊಬ್ಬರಿಗೂ ಒಂದೊಂದು, ಅದೂ ಅವರವರ ಫ್ರೇಮಿಗೆ ಹಾಕಿ ನೋಡಿದ್ದು. ಬ್ರೇಕ್ ಪ್ಯಾಡುಗಳ ಆಕಾರ ಬೇರೆ ಬೇರೆ, ಅದನ್ನೂ ತಾಳೆ ನೋಡಿ. 10 ಗೇರಿನ ಚೈನಿನ ಕೊಂಡಿ 12ರ ಚೈನಿಗೆ ಆಗದು. 27.5 ಇಂಚಿನ ಟ್ಯೂಬನ್ನು 29ರ ಟೈರಿಗೆ ಆಪತ್ಕಾಲಕ್ಕೆ ಎಳೆದು ಹಾಕಬಹುದು. ಹೈಡ್ರಾಲಿಕ್ ಬ್ರೇಕುಗಳಲ್ಲಿ ಕೆಲವಕ್ಕೆ ಮಿನರಲ್ ಎಣ್ಣೆ, ಕೆಲವಕ್ಕೆ ಡಾಟ್ (DOT) ಎಂಬ ಬ್ರೇಕ್ ದ್ರವ, ಒಂದರದು ಇನ್ನೊಂದಕ್ಕೆ ಹಾಕಿದರೆ ಸೀಲುಗಳೇ ಹಾಳು. ಪಂಪಿನ ಬಾಯಿ ಪ್ರೆಸ್ಟಾ, ಶ್ರೇಡರ್ ಎರಡೂ ಬಗೆಯ ವಾಲ್ವ್‌ಗೆ ಹೊಂದುತ್ತದೆಯೇ ಎಂದು ಗಾಳಿ ತುಂಬಿಯೇ ನೋಡಿ. ಒಂದು ಸಂಜೆಯ ಕೆಲಸ. ನಾವು ಆ ಸಂಜೆಯನ್ನು ಯಾರು ಯಾವ ಜಾಕೆಟ್ ಕೊಂಡರು ಎಂಬ ಮಾತಿನಲ್ಲಿ ಕಳೆದಿದ್ದೆವು.

ಇನ್ನು ಎತ್ತರದ ವಿಚಾರ. ಅಭ್ಯಾಸಕ್ಕೆಂದು ನಂದಿ ಬೆಟ್ಟ ಎಷ್ಟು ಸಲ ಹತ್ತಿದರೂ ಅದು ಕಾಲಿಗಷ್ಟೇ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮನಾಲಿ ಪೇಟೆಯೇ ಎತ್ತರದಲ್ಲಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು ಎಂಬುದು ವೈದ್ಯರು ಹೇಳುವ ಲೆಕ್ಕ. ಜಿಸ್ಪಾದಲ್ಲಿ ನಾವು ಎರಡು ರಾತ್ರಿ ಕಳೆದೆವು. ಆದರೂ ಜಿಂಗ್‌ಜಿಂಗ್‌ಬಾರ್‌ನಲ್ಲಿ ಒಬ್ಬಳಿಗೆ ತಲೆನೋವು, ವಾಂತಿ. ಬೆಳಗಾಗಲಿ ನೋಡೋಣ ಎನ್ನದೆ ಇಬ್ಬರು ಅವಳನ್ನು ಆ ಸಂಜೆಯೇ ಪತ್ಸಿಯೋಗೆ ಇಳಿಸಿದರು, ಒಂದು ದಿನ ಹೋಯಿತು, ಅವಳು ಚೇತರಿಸಿಕೊಂಡಳು. ಬಾರಾಲಾಚಾ ದಾಟಿದ ಮೇಲೆ ಇಷ್ಟು ಸುಲಭವಲ್ಲ. ಸರ್ಚು 4,290 ಮೀಟರ್, ಪಾಂಗ್ ಇನ್ನೂ ಎತ್ತರ, ಹಿಂದೆ ಹೋಗಲಿ ಮುಂದೆ ಹೋಗಲಿ, ಒಂದು ಕಣಿವೆಬಾಗಿಲನ್ನು ಹತ್ತಿಯೇ ಇಳಿಯಬೇಕು. ಹಾಗಾಗಿ ಗುಂಪಿನಲ್ಲಿ ಯಾರಿಗಾದರೂ ಸಣ್ಣ ತಲೆನೋವಿದ್ದರೂ ಬಾರಾಲಾಚಾದ ಈಚೆಗೇ ಇನ್ನೊಂದು ದಿನ ನಿಲ್ಲಿ. ಕೈಯಲ್ಲಿ ಎರಡು ದಿನ ಹೆಚ್ಚುವರಿ ರಜೆ ಇಲ್ಲದವರು ಈ ದಾರಿಗೆ ಬರಲೇಬೇಡಿ.

ಮನಾಲಿಯ ಮೇಲಿನ ರೋಹ್ತಾಂಗ್ ಪಾಸ್ ಬಗ್ಗೆ ಬರೆಯಲು ಮನಸ್ಸಿಲ್ಲ. ಕಾರು, ಹಾರ್ನು, ಡೀಸೆಲ್ ಹೊಗೆ. ನನಗೆ ಜನಜಂಗುಳಿ ಆಗುವುದೇ ಇಲ್ಲ. ಸರ್ಚುವಿನ ಪ್ರವಾಸಿ ಟೆಂಟುಗಳೂ ಬೇಡ ಎಂಬುದು ನನ್ನ ಅಭಿಪ್ರಾಯ. ಒಬ್ಬರಿಗೆ ಒಂದು ರಾತ್ರಿಗೆ ಕೇಳಿದ ದುಡ್ಡಿನಲ್ಲಿ ನಾವೆಲ್ಲರೂ ಎರಡು ದಿನ ಢಾಬಾ ಊಟ ಮಾಡಬಹುದಿತ್ತು. ಎರಡು ಕಿಲೋಮೀಟರ್ ಮುಂದೆ ಹೋದರೆ ನದಿಯ ಮೇಲಿನ ಮಟ್ಟಸ ಬಯಲು, ಗಾಳಿ, ನಕ್ಷತ್ರ, ಬೇರೆ ಯಾರೂ ಇಲ್ಲ.

ಬಯಲಲ್ಲಿ ಟೆಂಟು ಹಾಕುವವರು ಒಣಗಿದ ಹಳ್ಳದ ಪಾತ್ರಕ್ಕೆ ಮಾತ್ರ ಇಳಿಯಬೇಡಿ. ಮರಳು ಮೆತ್ತಗಿರುತ್ತದೆ, ಗಾಳಿ ತಾಗುವುದಿಲ್ಲ, ಆಸೆಯಾಗುತ್ತದೆ. 2010ರ ಆಗಸ್ಟ್‌ನಲ್ಲಿ ಲೇಹ್ ಸುತ್ತ ಮೇಘಸ್ಫೋಟವಾಗಿ ನೀರು, ಕೆಸರು ನುಗ್ಗಿದ್ದು ರಾತ್ರಿ ಹೊತ್ತು, ನೂರಾರು ಜನ ಸತ್ತರು. ಸೇನೆಯ ಶಿಬಿರಗಳ ಹತ್ತಿರವೂ ಬೇಡ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಹೋಗಿ ಗೇಣುದ್ದ ಗುಂಡಿ ತೋಡಬೇಕು. ಆ ನೆಲ ಬರೀ ಕಲ್ಲು, ಗಟ್ಟಿ ಕೈಗುದ್ದಲಿಯೊಂದು ಇರಲಿ. ಆ ಚಳಿಯಲ್ಲಿ ಏನೂ ಬೇಗ ಕೊಳೆಯುವುದಿಲ್ಲ, ಕಾಗದವನ್ನೂ ವಾಪಸ್ ತನ್ನಿ. ರಸ್ತೆ ಮೇಲೆ ಹರಿಯುವ ತೊರೆಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ನೀರು ಏರುತ್ತದೆ. ಏಳು ಗಂಟೆಗೆ ಮೊಣಕಾಲಿನ ಕೆಳಗಿದ್ದ ನೀರಿನಲ್ಲಿ ಅದೇ ದಿನ ಎರಡು ಗಂಟೆಗೆ ಕಾರೊಂದು ಸಿಕ್ಕಿಬಿದ್ದಿತ್ತು ಎಂದು ಸಂಜೆ ಕೇಳಿದೆವು.

ಅಡುಗೆಗೆ ನಮ್ಮ ಅವಲಕ್ಕಿಯೇ ಕಾಪಾಡಿತು. ಸರ್ಚುವಿನ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಎಷ್ಟು ಬೇಯಿಸಿದರೂ ನಡುವೆ ಕಾಳು ಉಳಿಯುತ್ತದೆ, ಇಂಧನ ದಂಡ. ಅವಲಕ್ಕಿ, ಹುಣಸೆ ಗೊಜ್ಜಿನ ಪುಡಿ, ಮನೆಯಲ್ಲೇ ಹುರಿದ ರವೆ ತನ್ನಿ. ವಿಮಾನದಲ್ಲಿ ಗ್ಯಾಸ್ ಕ್ಯಾನಿಸ್ಟರ್ ಬಿಡುವುದಿಲ್ಲ, ನಮ್ಮದು ಪೆಟ್ರೋಲ್ ಸ್ಟೌ. ತಾಂಡಿಯ ಬಂಕಿನಲ್ಲಿ ತುಂಬಿಸಿಕೊಂಡೆವು. ಮುಂದಿನ ಬಂಕ್ 365 ಕಿಲೋಮೀಟರ್ ಎಂಬ ಫಲಕಕ್ಕೆ ಹೆಸರಾದ ಬಂಕ್ ಅದು.

ಒಂದು ರಾತ್ರಿ ಮಾತ್ರ ಟೆಂಟು ಬಿಚ್ಚಲಿಲ್ಲ. ನಕೀ ಲಾ ಕಣಿವೆಬಾಗಿಲು ಇಳಿದು ವಿಸ್ಕಿ ನಾಲಾಕ್ಕೆ ಬರುವಾಗ ಆಲಿಕಲ್ಲು ಸುರಿದು ಬೆರಳು ಮಡಚಲು ಆಗುತ್ತಿರಲಿಲ್ಲ. ಪ್ಯಾರಾಚೂಟ್ ಬಟ್ಟೆ ಹೊದಿಸಿದ ಒಂದು ಢಾಬಾಕ್ಕೆ ನುಗ್ಗಿದೆವು. ನಡೆಸುವವರು ಅರವತ್ತರ ಒಬ್ಬ ಲಡಾಖಿ ತಾಯಿ, ಎಲ್ಲರೂ ಆಮಾ-ಲೇ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಏನು ಬೇಕು ಎಂದೂ ಕೇಳದೆ ಆರು ಲೋಟ ಬೆಣ್ಣೆ ಚಹಾ ಇಟ್ಟರು. ಉಪ್ಪುಪ್ಪು, ಮೊದಲ ಗುಟುಕಿಗೆ ವಿಚಿತ್ರ, ಮೂರನೆಯದಕ್ಕೆ ಮೈ ಬಿಸಿಯಾಯಿತು. ಕುಕ್ಕರ್‌ನಲ್ಲಿ ಬೆಂದ ಅನ್ನ, ತೆಳ್ಳಗಿನ ಬೇಳೆ, ಆಲೂಗಡ್ಡೆ. ವಾರದ ನಂತರ ಬಿಡಿಬಿಡಿಯಾಗಿ ಬೆಂದ ಅನ್ನ ಕಂಡಿದ್ದು ಅಲ್ಲೇ. ತಟ್ಟೆ ಖಾಲಿಯಾಗುವ ಮೊದಲೇ ಸೌಟು ಬರುತ್ತಿತ್ತು. ನಮ್ಮ ಒದ್ದೆ ಕಾಲುಚೀಲಗಳನ್ನು ತಾವೇ ತೆಗೆದುಕೊಂಡು ಒಲೆಯ ಮೇಲಿನ ಹಗ್ಗಕ್ಕೆ ಜೋಡಿಜೋಡಿಯಾಗಿ ನೇತುಹಾಕಿದರು. ಮಲಗಲು ಕಟ್ಟೆ, ಒಬ್ಬೊಬ್ಬರಿಗೆ ಎರಡೆರಡು ದಪ್ಪ ರಜಾಯಿ. ಬೆಳಿಗ್ಗೆ ಆರು ಜನರಿಗೆ ಊಟ, ತಿಂಡಿ, ಹಾಸಿಗೆ ಎಲ್ಲ ಸೇರಿ ಅವರು ಹೇಳಿದ ಲೆಕ್ಕ ಆ ಬಸ್ಸಿನವರು ಸೈಕಲ್‌ಗಳಿಗೆ ಕಿತ್ತುಕೊಂಡಿದ್ದರ ಅರ್ಧವೂ ಆಗಲಿಲ್ಲ. ಆ ದಾರಿಯ ಢಾಬಾಗಳಲ್ಲಿ ದಯವಿಟ್ಟು ಚೌಕಾಶಿ ಮಾಡಬೇಡಿ.

ವಾಪಸ್ ಬರುವಾಗ ಲೇಹ್‌ನಲ್ಲಿ ವಿಮಾನಕ್ಕೆಂದು ರಟ್ಟಿನ ಪೆಟ್ಟಿಗೆಗೆ ಸೈಕಲ್ ತುಂಬುವ ಮುಂಚೆ ಎಲ್ಲರೂ ಡಿರೇಲರನ್ನು ಹ್ಯಾಂಗರ್‌ನಿಂದ ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿದೆವು. ಇದನ್ನೇ ದೆಹಲಿಯ ಬಸ್ ನಿಲ್ದಾಣದಲ್ಲಿ ಮಾಡಬೇಕಿತ್ತು. ಚೈನು ಬಿಚ್ಚಬೇಕಿಲ್ಲ, 5 ಮಿಲಿಮೀಟರ್ ಅಲೆನ್ ಕೀ ಒಂದಿದ್ದರೆ ಎರಡು ನಿಮಿಷದ ಕೆಲಸ.