ಮೇಜಿನ ಕೆಳಗಿನ ಡಬ್ಬ: ಯುಗಾದಿ ಧೂಳಿನಿಂದ ಶುರುವಾದ ರಿಪೇರಿ

ಮಾರ್ಚ್ 7, ಶನಿವಾರ

ಯುಗಾದಿಗೆ ಇನ್ನು ಹನ್ನೆರಡು ದಿನ. ಅಮ್ಮ ಅಟ್ಟದಿಂದ ಶುರು ಮಾಡಿ, ಧೂಳು ಹೊಡೆಯುತ್ತಾ ಹೊಡೆಯುತ್ತಾ ಹಾಲ್‌ವರೆಗೆ ಬಂದಿದ್ದಾಳೆ. "ಆ ಡಬ್ಬದ ಒಳಗೂ ಒಂದ್ಸಲ ನೋಡೋ, ಯಾವಾಗ್ಲೂ ಬುಸುಗುಡ್ತಾ ಇರುತ್ತೆ" ಅಂದಳು.

ಡಬ್ಬ ಅಂದರೆ ನಮ್ಮ ಮನೆ ಕಂಪ್ಯೂಟರ್. 2015ರಲ್ಲಿ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ನಾನೇ ಜೋಡಿಸಿದ್ದು. ಇಂಟೆಲ್ ಐ5-4460, ಎಂಟು ಜಿಬಿ ಡಿಡಿಆರ್3 ರ‍್ಯಾಮ್, ಆಮೇಲೆ ಸೇರಿಸಿದ ಒಂದು ಎಸ್‌ಎಸ್‌ಡಿ. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಆಫೀಸಿನ ಗೆಳೆಯರೆಲ್ಲ ಗುಜರಿಗೆ ಹಾಕು ಅಂತಾರೆ. ಅಪ್ಪನಿಗೆ ಮಾತ್ರ ಇದೇ ಬೇಕು. ಇದರಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇದೆ, ಕೀಲಿಗಳು ಅವರ ಬೆರಳಿಗೆ ಕೂತಿವೆ. ನಮ್ಮ ಮನೆತನದ ವಂಶಾವಳಿ ಟೈಪ್ ಮಾಡುತ್ತಿದ್ದಾರೆ, ಐದು ತಲೆಮಾರು ಆಗಿದೆ.

ತೊಂದರೆ ಒಂದಲ್ಲ. ಫ್ಯಾನು ಮಿಕ್ಸಿ ಥರ ಕಿರುಚುತ್ತೆ. ಎರಡು ಕಿಟಕಿ ತೆಗೆದರೆ ಆಮೆ. ಬೆಳಗ್ಗೆ ಆನ್ ಮಾಡಿದರೆ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತೆ, ಅದರಿಂದ ಬ್ರೌಸರ್ ಯಾವ ಸೈಟನ್ನೂ ನಂಬಲ್ಲ. ಇದೆಲ್ಲಕ್ಕಿಂತ ದೊಡ್ಡದು, ಕೆಲಸದ ನಡುವೆ ಟಪ್ ಅಂತ ಆಫ್ ಆಗುವುದು. ಹೋದ ವಾರ ಅಪ್ಪನ ಒಂದು ಇಡೀ ಪುಟ ಹಾಗೇ ಹೋಯಿತು. ಈಗ ಅವರು ಪ್ರತಿ ಸಾಲಿಗೂ ಕಂಟ್ರೋಲ್ ಎಸ್ ಒತ್ತುತ್ತಾರೆ. ನೋಡಿದರೆ ಅಯ್ಯೋ ಅನ್ನಿಸುತ್ತೆ.

ಬಿಚ್ಚುವ ಮುಂಚೆ ಶಾಖ ಅಳೆದೆ. ಕೋರ್ ಟೆಂಪ್ ಅನ್ನುವ ತಂತ್ರಾಂಶ ಹಾಕಿ ನೋಡಿದರೆ, ಸುಮ್ನೆ ಇದ್ದಾಗಲೇ 66 ಡಿಗ್ರಿ. ಒಂದು ವಿಡಿಯೊ ಪರಿವರ್ತನೆಗೆ ಹಚ್ಚಿದೆ, ಎರಡೇ ನಿಮಿಷಕ್ಕೆ 99. ಈ ಪ್ರೊಸೆಸರ್ 100ರ ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತೆ. 3.2 ಗಿಗಾಹರ್ಟ್ಸ್ ಇರಬೇಕಾದ್ದು ಕುಂಟುತ್ತಾ 2ಕ್ಕೆ ಬಂತು. ಆಮೆ ಯಾಕೆ ಅಂತ ಗೊತ್ತಾಯಿತು. ಆಫ್ ಆಗುವುದೂ ಇದರಿಂದಲೇ, ಸಂಶಯವೇ ಇಲ್ಲ ಅಂತ ಪುಸ್ತಕದಲ್ಲಿ ಬರೆದುಕೊಂಡೆ. ಆ ಸಾಲು ಈಗಲೂ ಹಾಗೇ ಇಟ್ಟಿದ್ದೇನೆ.

ಮಾರ್ಚ್ 8, ಭಾನುವಾರ

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟನ್ನೂ ಖಾಲಿ ಮಾಡಿ, ಡಬ್ಬವನ್ನು ತಾರಸಿಗೆ ಹೊತ್ತೆ. ಮನೆಯೊಳಗೆ ಊದಿದ್ದರೆ ಅಮ್ಮ ನನ್ನನ್ನೇ ಊದಿಬಿಡುತ್ತಿದ್ದಳು.

ನಮ್ಮದು ನಾಗರಭಾವಿಯಲ್ಲಿ, ರಿಂಗ್ ರೋಡಿನಿಂದ ಎರಡು ಕ್ರಾಸ್ ಒಳಗೆ. ಎದುರಿನ ರಸ್ತೆ ಅಗೆದು ಮುಚ್ಚಿ, ಮತ್ತೆ ಅಗೆದು, ಡಾಂಬರು ಕಾಣದೆ ತಿಂಗಳುಗಳಾದವು. ಧೂಳು ಇರುತ್ತೆ ಅಂತ ಗೊತ್ತಿತ್ತು. ಆದರೆ ಇದು ಧೂಳು ಅಲ್ಲ, ಕಂಬಳಿ! ಫ್ಯಾನ್ ಬಿಚ್ಚಿದಾಗ, ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ಮೇಲೆ ದುಂಡಗೆ, ಬೂದು ಬಣ್ಣದ ಒಂದು ಪದರ ಕೂತಿತ್ತು. ಅಂಚು ಹಿಡಿದು ಎಳೆದರೆ ದೋಸೆ ಎದ್ದ ಹಾಗೆ ಪೂರ್ತಿ ಎದ್ದು ಬಂತು. ಕೆಳಗಡೆ ಅಲ್ಯೂಮಿನಿಯಂ ರೆಕ್ಕೆಗಳ ಗುರುತು ಅಚ್ಚು ಒತ್ತಿದಂತೆ ಮೂಡಿತ್ತು. ಬೆರಳಿಗೆ ಸ್ವಲ್ಪ ಜಿಡ್ಡು ಜಿಡ್ಡು. ಹಾಲಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ. ಹನ್ನೊಂದು ವರ್ಷದ ಒಗ್ಗರಣೆ ಹೊಗೆ, ಸೊಳ್ಳೆ ಬತ್ತಿ ಹೊಗೆ ಎರಡೂ ಸೇರಿ ಧೂಳಿಗೆ ಅಂಟು ಹಾಕಿವೆ. ಒಣ ಧೂಳಾದರೆ ಊದಿದರೆ ಹೋಗುತ್ತೆ. ಇದಕ್ಕೆ ಪೇಂಟ್ ಬ್ರಷ್ ಬೇಕಾಯಿತು.

ತಳದಲ್ಲಿ ಇನ್ನೂ ಒಂದು ಸಿಕ್ಕಿತು, ಅರಿಶಿನ ಹಚ್ಚಿದ ಅಕ್ಕಿಕಾಳು. ಎಣಿಸಿದೆ, ಹದಿನಾಲ್ಕು. ಪ್ರತಿ ವರ್ಷ ಆಯುಧಪೂಜೆಗೆ ಅಪ್ಪ ಡಬ್ಬದ ನೆತ್ತಿಗೆ ಕುಂಕುಮ ಇಟ್ಟು ಅಕ್ಷತೆ ಹಾಕುತ್ತಾರೆ. ನೆತ್ತಿಯಲ್ಲಿ ಗಾಳಿ ಹೋಗಲು ಜಾಲರಿ ಇದೆ! ಒಂದು ಕಾಳು ಮದರ್‌ಬೋರ್ಡಿನ ಸ್ಲಾಟಿನೊಳಗೆ ಅಚ್ಚುಕಟ್ಟಾಗಿ ಕೂತಿತ್ತು.

ಪಕ್ಕದ ಮನೆ ಕಾರ್ಪೆಂಟರ್ ಅಣ್ಣನ ಹತ್ತಿರ ಬ್ಲೋವರ್ ಇಸ್ಕೊಂಡಿದ್ದೆ. ಊದುವಾಗ ಫ್ಯಾನಿನ ರೆಕ್ಕೆ ಸಂದಿಯಲ್ಲಿ ಒಂದು ಐಸ್‌ಕ್ರೀಮ್ ಕಡ್ಡಿ ಸಿಗಿಸಿದ್ದೆ. ಗಾಳಿಗೆ ಫ್ಯಾನ್ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು, ಜೊತೆಗೆ ಅದೇ ಒಂದು ಸಣ್ಣ ಡೈನಮೊ ಆಗಿ ಬೋರ್ಡಿಗೆ ಕರೆಂಟ್ ವಾಪಸ್ ಕಳಿಸಬಹುದು. ಬಿಡಿಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮಾತ್ರ ಬಿಚ್ಚಲಿಲ್ಲ, ಹೊರಗಿನಿಂದಲೇ ಊದಿದೆ. 230 ವೋಲ್ಟ್ ಎಸಿ ಅದರೊಳಗೆ ಡಿಸಿ ಆಗುವಾಗ 320 ದಾಟುತ್ತೆ, ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದುಕೊಂಡಿರಬಹುದು. ಧೈರ್ಯ ತೋರಿಸುವ ಜಾಗ ಅದಲ್ಲ.

ಕೆಳಗೆ ತಂದು ಆನ್ ಮಾಡಿದೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಅಪ್ಪ ಹಿಂದೆ ನಿಂತಿದ್ದರು. ಏನೂ ಅನ್ನಲಿಲ್ಲ, ಒಂದು ಸಲ ಗಂಟಲು ಸರಿಮಾಡಿಕೊಂಡರು, ಅಷ್ಟೇ. ಆದರೂ ಬೆನ್ನು ಬೆವರಿತು.

ರ‍್ಯಾಮ್ ಕಿತ್ತು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿದೆ. ಪರದೆ ಬಂತು. ಬ್ರಷ್ ಆಡಿಸುವಾಗ ನಾನೇ ಅಲುಗಾಡಿಸಿದ್ದು ಅಂತ ಅಪ್ಪನಿಗೆ ಹೇಳಲಿಲ್ಲ.

ಮಾರ್ಚ್ 10, ಮಂಗಳವಾರ

ಅದೇ ವಿಡಿಯೊ, ಅದೇ ಅಳತೆ: 89. ಹತ್ತು ಡಿಗ್ರಿ ಇಳಿದಿದೆ. ಖುಷಿ ಪಡುವಷ್ಟಲ್ಲ. ಇಂಥ ಕಂಬಳಿ ತೆಗೆದ ಮೇಲೆ ಇನ್ನೂ ಜಾಸ್ತಿ ಇಳಿಯಬೇಕಿತ್ತಲ್ಲ?

ರಾತ್ರಿ ಟಾರ್ಚ್ ಹಿಡಿದು ಕೂಲರ್, ಅಂದರೆ ಆ ಫ್ಯಾನ್ ಮತ್ತು ಹೀಟ್‌ಸಿಂಕ್ ಜೋಡಿ, ನೋಡಿದೆ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಕಾಲು. ಒಂದಕ್ಕೆ ಬೆರಳು ತಾಗಿದ್ದಷ್ಟೇ, ಎದ್ದು ಕೈಗೆ ಬಂತು. ತುದಿಯ ಕವಲು ಮುರಿದಿದೆ. ಅಂದರೆ ಕೂಲರ್ ಒಂದು ಮೂಲೆಯಲ್ಲಿ ಎತ್ತಿಕೊಂಡು, ಕುಂಟು ಮಣೆ ಥರ ಕೂತಿದೆ. ಎಷ್ಟು ದಿನದಿಂದಲೋ! ಕಳಚಿ ನೋಡಿದರೆ, ಪ್ರೊಸೆಸರಿನ ಶಾಖ ಕೂಲರಿಗೆ ದಾಟಿಸಲು ಹಚ್ಚಿದ ಪೇಸ್ಟ್ ಸುಣ್ಣದ ಹಾಗೆ ಒಣಗಿ ಉದುರುತ್ತಿತ್ತು, ಅದೂ ಅರ್ಧ ಭಾಗದಲ್ಲಿ ಮಾತ್ರ.

ಮಾರ್ಚ್ 14, ಶನಿವಾರ

ಭಾನುವಾರ ಎಸ್.ಪಿ. ರೋಡಿನಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅದಕ್ಕೇ ಇವತ್ತು. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದೆ. ಸಾದರ ಪತ್ರಪ್ಪ ರಸ್ತೆ ಅಂದರೆ ಯಾರಿಗೂ ತಲೆಗೆ ಹೋಗಲ್ಲ, ಎಸ್.ಪಿ. ರೋಡ್ ಅನ್ನಬೇಕು.

ಕೂಲರ್ ಕೇಳಿದ ತಕ್ಷಣ ಅಂಗಡಿಯವರು ನಕ್ಕರು. "ಏನ್ ಸಾರ್, ಇನ್ನೂ ಫೋರ್ತ್ ಜೆನ್ ಇಟ್ಕೊಂಡಿದ್ದೀರಾ? ಬೋರ್ಡು, ಪ್ರೊಸೆಸರ್ ಎರಡೂ ಚೇಂಜ್ ಮಾಡ್ಬಿಡಿ."

"ಅಪ್ಪಂದು ಅಣ್ಣ, ಅವರು ಬಿಡಲ್ಲ."

"ಹಂಗಾದ್ರೆ ಬಿಡಿ" ಅಂತ ಹಿಂದಿನ ರ‍್ಯಾಕಿನಿಂದ 1150 ಸಾಕೆಟ್ಟಿನ ಕೂಲರ್ ಒಂದನ್ನು ಧೂಳು ಒರೆಸಿ ಕೊಟ್ಟರು. ಮುನ್ನೂರೈವತ್ತು ರೂಪಾಯಿ. ಜೊತೆಗೆ ಒಂದು ಟ್ಯೂಬ್ ಪೇಸ್ಟ್, ಗಡಿಯಾರಕ್ಕೆ ಸಿಆರ್2032 ಸೆಲ್ಲು. ವಾಪಸ್ ಬರುವಾಗ ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್.

ಮಾರ್ಚ್ 15, ಭಾನುವಾರ

ಹಳೆ ಪೇಸ್ಟನ್ನು ಆಲ್ಕೊಹಾಲ್ ಬಟ್ಟೆಯಿಂದ ಒರೆಸಿದೆ. ಪ್ರೊಸೆಸರ್ ಮೇಲೆ ಮುಖ ಕಾಣುವಷ್ಟು ಹೊಳಪು ಬಂತು. ಹೊಸ ಪೇಸ್ಟ್ ಒಂದು ಬಟಾಣಿ ಕಾಳಿನಷ್ಟು, ನಡುವೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ಹಿಂದೊಮ್ಮೆ ನಾನೂ ಅಂದುಕೊಂಡಿದ್ದೆ. ಅದರ ಕೆಲಸ ಎರಡು ಲೋಹಗಳ ನಡುವಿನ ಕೂದಲೆಳೆ ಸಂದಿ ತುಂಬುವುದು, ಗೋಡೆಗೆ ಗಾರೆ ಹಾಕುವುದಲ್ಲ. ಪಿನ್ನುಗಳನ್ನು ಎದುರುಬದುರು ಮೂಲೆಯಿಂದ ಒತ್ತಿದೆ. ನಾಲ್ಕು ಸಲ ಟಕ್. ಬೋರ್ಡಿನ ಹಿಂಭಾಗದಲ್ಲೂ ನಾಲ್ಕು ಕವಲು ಅರಳಿದೆಯಾ ಅಂತ ನೋಡಿದೆ.

ಸುಮ್ನೆ ಇದ್ದಾಗ 41. ವಿಡಿಯೊ ಓಡಿಸಿದರೆ 65. ಅಮ್ಮ ಬಂದು "ಆನ್ ಇದ್ಯಾ ಅದು?" ಅಂತ ಕೇಳಿದಳು. ಅಷ್ಟು ನಿಶ್ಶಬ್ದ.

ಹಳೆ ಸೆಲ್ಲು ಮಲ್ಟಿಮೀಟರಿಗೆ ಹಿಡಿದರೆ 2.3 ವೋಲ್ಟ್. 3 ಇರಬೇಕು. ರಾತ್ರಿ ಸ್ವಿಚ್ ಆರಿಸಿದ ಮೇಲೆ ಗಡಿಯಾರ ಅದರ ಮೇಲೇ ನಡೆಯುವುದು. ಬದಲಾಯಿಸಿದೆ, ತಾರೀಕಿನ ಕಾಟ ಮುಗಿಯಿತು.

ಎಲ್ಲ ಸರಿಹೋಯಿತು ಅಂತ ಗೆಳೆಯನಿಗೆ ಫೋಟೊ ಕಳಿಸಿದೆ.

ಮಾರ್ಚ್ 17, ಮಂಗಳವಾರ

ಆಫೀಸಿನಲ್ಲಿದ್ದೆ. ಅಪ್ಪನ ಫೋನ್. "ಮತ್ತೆ ಆಫ್ ಆಯ್ತು ಕಣೋ."

ರಾತ್ರಿ ವಿಂಡೋಸಿನ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ಕರ್ನಲ್ ಪವರ್ 41. ಆ ಸಾಲಿಗೆ ಗೊತ್ತಿರುವುದು ಇಷ್ಟೇ, ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ ಅಂತ. ಅದು ಅಪ್ಪನಿಗೂ ಗೊತ್ತು. ಶಾಖದ ಲಾಗ್ ನೋಡಿದರೆ ಕೊನೆಯ ಅಂಕಿ 43. ಶಾಖ ಅಲ್ಲ. ಹಾಗಾದರೆ ಎಸ್‌ಎಂಪಿಎಸ್ ಅಂತ ತೀರ್ಮಾನಿಸಿ ಹೊಸದರ ಬೆಲೆ ಹುಡುಕುತ್ತಾ ಕೂತೆ. ಹೊಸ ಅಪರಾಧಿಯನ್ನು ಹುಡುಕಲು ನನಗೆ ಐದು ನಿಮಿಷ ಸಾಕು.

ಮಾರ್ಚ್ 19, ಗುರುವಾರ, ಯುಗಾದಿ

ಬೇವು ಬೆಲ್ಲ ಆಯಿತು, ಒಬ್ಬಟ್ಟು ಆಯಿತು. ಅಮ್ಮ ಹಾಲಿನ ಲೆಕ್ಕ ನೋಡಲು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತಳು. ಹಾಲಿನ ಪ್ಯಾಕೆಟ್ ಲೆಕ್ಕದ ಪಕ್ಕದಲ್ಲಿ ಅಪ್ಪ ಕೆಂಪು ಪೆನ್ನಿನಲ್ಲಿ ಸಣ್ಣಗೆ ಬರೆದಿಟ್ಟಿದ್ದಾರೆ: ಕಂ. ಆಫ್ 10.40. ಕಂ. ಆಫ್ 10.55. ಕಂ. ಆಫ್ 10.35. ಮೇಷ್ಟರಾಗಿದ್ದವರು, ಹಾಜರಿ ಹಾಕುವ ಅಭ್ಯಾಸ ಬಿಟ್ಟಿಲ್ಲ. ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

ಅಮ್ಮ ಓದಿ, "ಇದು ನಾನು ಮೋಟರ್ ಹಾಕೋ ಹೊತ್ತಲ್ವಾ?" ಅಂದಳು.

ಬಟ್ಟೆ ಒಗೆದಾದ ಮೇಲೆ ಟ್ಯಾಂಕ್ ಖಾಲಿ. ಸಂಪಿನಿಂದ ನೀರೆತ್ತಲು ಒಂದು ಎಚ್‌ಪಿ ಮೋಟರ್. ಸ್ಟಾರ್ಟ್ ಆಗುವ ಕ್ಷಣ ಅದು ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತೆ. ಹಾಲ್‌ನ ಬಲ್ಬು ಕಣ್ಣು ಮಿಟುಕಿಸುವುದನ್ನು ವರ್ಷಗಳಿಂದ ನೋಡಿದ್ದೇವೆ. ಅಷ್ಟಕ್ಕೆ ಕಂಪ್ಯೂಟರ್ ಆಫ್ ಆಗಬಾರದು, ಕರೆಂಟ್ ತಪ್ಪಿದರೆ ಬ್ಯಾಟರಿಯಿಂದ ನಡೆಸಲು ಯುಪಿಎಸ್ ಇದೆ. ಯುಪಿಎಸ್! ಡಬ್ಬ ಒರೆಸಿದೆ, ಅದರ ಪಕ್ಕದ ಡಬ್ಬ ಮುಟ್ಟಲೇ ಇಲ್ಲ.

ಕಂಪ್ಯೂಟರ್ ಬಿಡಿಸಿ ಯುಪಿಎಸ್ಸಿಗೆ ಒಂದು ಮೇಜಿನ ದೀಪ ಚುಚ್ಚಿದೆ. ಗೋಡೆಯ ಸ್ವಿಚ್ ಆರಿಸಿದೆ. ದೀಪ ತಕ್ಷಣ ಹೋಯಿತು. ಇನ್ನೊಮ್ಮೆ ಗೋಡೆಯ ಸ್ವಿಚ್ ಹಾಕಿ, "ಅಮ್ಮ, ಮೋಟರ್ ಹಾಕು" ಅಂತ ಕೂಗಿದೆ. ಹಬ್ಬದ ದಿನ ಟ್ಯಾಂಕ್ ತುಂಬಿ ಹರಿದರೂ ಪರವಾಗಿಲ್ಲ ಅಂತ ಅವಳೂ ಹಾಕಿದಳು. ಯುಪಿಎಸ್ ಕೀಂ ಅಂದಿತು, ದೀಪ ಆರಿತು, ಒಂದು ಕ್ಷಣಕ್ಕೆ ಮತ್ತೆ ಬಂತು. ಹಸಿರು ಬೆಳಕು ಏನೂ ಆಗದ ಹಾಗೆ ಉರಿಯುತ್ತಿತ್ತು. ಅದಕ್ಕೇ ಯಾರಿಗೂ ಅದರ ಮೇಲೆ ಅನುಮಾನ ಬಂದಿಲ್ಲ. ನಿಜವಾಗಿ ಕರೆಂಟ್ ಹೋದಾಗ ಕಂಪ್ಯೂಟರ್ ಆರಿದರೆ, ಕರೆಂಟ್ ಹೋಯ್ತಲ್ಲ ಅಂತ ನಾವೂ ಸುಮ್ಮನಾಗುತ್ತಿದ್ದೆವು.

ಮಾರ್ಚ್ 21, ಶನಿವಾರ

ಯುಪಿಎಸ್ ಬಿಚ್ಚಿದೆ. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಹೊಟ್ಟೆ ಸ್ವಲ್ಪ ಉಬ್ಬಿದೆ. ಮೀಟರ್ ಇಟ್ಟರೆ 12.5, ಆರೋಗ್ಯವಂತ! ಕಾರಿನ ಹಳೆ ಹೆಡ್‌ಲೈಟ್ ಬಲ್ಬ್ ಸೇರಿಸಿದರೆ ನೋಡನೋಡುತ್ತಾ 7ಕ್ಕೆ ಬಿತ್ತು. 2020ರಲ್ಲಿ ಹಾಕಿದ್ದು. ಇಂಥ ಬ್ಯಾಟರಿ ಮೂರು ನಾಲ್ಕು ವರ್ಷ ಬಂದರೆ ಹೆಚ್ಚು. ಬ್ಯಾಟರಿ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸದು ತಂದೆ. ಸೀಸ ಇರುವುದರಿಂದ ಅವರೇ ತೆಗೆದುಕೊಂಡು ಸ್ವಲ್ಪ ಹಣ ಬಿಟ್ಟರು.

ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೇನೆ.

ಮಾರ್ಚ್ 29, ಭಾನುವಾರ

ಒಂದು ವಾರ. ಮೋಟರ್ ದಿನಾ ಹಾಕಿದ್ದಾರೆ, ಕ್ಯಾಲೆಂಡರಿನಲ್ಲಿ ಹೊಸ ಕೆಂಪು ಸಾಲಿಲ್ಲ. ಸೊಳ್ಳೆ ಪರದೆಯ ಬಟ್ಟೆ ಕತ್ತರಿಸಿ ಡಬ್ಬದ ಮುಂದಿನ ಜಾಲರಿಗೆ ಅಂಟಿಸಿದೆ. ಅದರಿಂದ 65 ಇದ್ದದ್ದು 67 ಆಗಿದೆ, ಅಷ್ಟು ಪರವಾಗಿಲ್ಲ. ನೆತ್ತಿಯ ಜಾಲರಿ ಮುಚ್ಚಿದರೆ ಬಿಸಿಗಾಳಿಗೆ ದಾರಿ ಇಲ್ಲ, ಅದನ್ನು ಹಾಗೇ ಬಿಟ್ಟಿದ್ದೇನೆ.

"ಹಾಗಾದ್ರೆ ಅಕ್ಷತೆ ಎಲ್ಲಿ ಹಾಕ್ಲಿ?" ಅಪ್ಪ ಕೇಳಿದರು. ಆಯುಧಪೂಜೆಗೆ ಇನ್ನೂ ಆರು ತಿಂಗಳ ಮೇಲೇ ಇದೆ.

"ಯುಪಿಎಸ್ ಮೇಲೆ ಹಾಕಿ" ಅಂದೆ.

"ಅದಕ್ಕೂ ತೂತಿದೆಯಲ್ಲೋ" ಅಂದು, ಕಂಟ್ರೋಲ್ ಎಸ್ ಒತ್ತಿ, ಆರನೇ ತಲೆಮಾರಿಗೆ ಹೋದರು.