ಬಾವುಟಗುಡ್ಡೆಯ ಚಾಪೆಲ್, ಮೊಸ್ಕೇನಿ ಬ್ರದರ್

ಮೊನ್ನೆ ಬೆಂಗಳೂರಿಂದ ಚಿಕ್ಕಮ್ಮನ ಮಗ ಬಂದಿದ್ದ, ಎಂತದೋ ರೀಲ್ ನೋಡಿ "ಮಂಗಳೂರಿನ ಸಿಸ್ಟೀನ್ ಚಾಪೆಲ್ ತೋರ್ಸು ಅಣ್ಣ" ಅಂತ ಒಂದೇ ಹಟ. ನಂಗೆ ಆ ಹೆಸರು ಕೇಳಿದ್ರೇ ಕಿರಿಕಿರಿ. ಅದಕ್ಕೆ ಸ್ವಂತ ಹೆಸರಿಲ್ವಾ ಮಾರಾಯ್ರೆ, ಸಂತ ಅಲೋಶಿಯಸ್ ಚಾಪೆಲ್ ಅಂತ? ಗೋಡೆ ಸೀಲಿಂಗ್ ತುಂಬ ಚಿತ್ರ ಇರೋ ರೋಮಿನ ಅಸಲಿ ಸಿಸ್ಟೀನ್ ಚಾಪೆಲ್ ಪೋಪ್‌ಗಳಿಗೆ ಕಟ್ಟಿದ್ದು, ಇದು ಶಾಲೆ ಕಾಲೇಜಿನ ಹುಡುಗರು ಕೂತು ಪ್ರಾರ್ಥನೆ ಮಾಡ್ಲಿಕ್ಕೆ ಕಟ್ಟಿದ್ದು. ಇಷ್ಟು ತಲೇಲಿಟ್ಕೊಂಡು ಒಳಗೆ ಹೋದ್ರೆ ಗೋಡೆ ಮೇಲಿರೋದೆಲ್ಲ ಬೇರೆ ತರಾನೇ ಕಾಣ್ತದೆ.

ಜಾಗ ಲೈಟ್‌ಹೌಸ್ ಹಿಲ್, ನಮ್ಮ ಬಾಯಲ್ಲಿ ಬಾವುಟಗುಡ್ಡೆ. 1837ರಲ್ಲಿ ಸುಳ್ಯ ಕಡೆಯಿಂದ ದಂಗೆ ಎದ್ದು ಬಂದ ರೈತರು ಬ್ರಿಟಿಷರನ್ನು ಓಡಿಸಿ ಬಾವುಟ ಹಾರಿಸಿದ ಗುಡ್ಡ ಇದೇ, ಆ ಕತೆ ಇನ್ನೊಂದಿನ ಬರೀತೇನೆ. ಚಾಪೆಲ್ ಕತೆ ಶುರುವಾಗೋದು 1878ರಲ್ಲಿ. ಇಲ್ಲಿನ ಕ್ಯಾಥೊಲಿಕರಿಗೆ ಊರಲ್ಲೇ ಒಂದು ಒಳ್ಳೆ ಕಾಲೇಜು ಬೇಕಿತ್ತು, ರೋಮಿಗೆ ಮನವಿ ಮೇಲೆ ಮನವಿ ಹೋಗಿ ಕೊನೆಗೆ ಪೋಪ್ ಹದಿಮೂರನೇ ಲಿಯೋ ಮಂಗಳೂರಿನ ಚರ್ಚ್ ಆಡಳಿತವನ್ನ ಜೆಸ್ವಿಟರಿಗೆ (ಕ್ಯಾಥೊಲಿಕರ ಒಂದು ಸನ್ಯಾಸಿ ಸಂಘ, ಅದನ್ನೇ ಸಭೆ ಅಂತಾರೆ) ವಹಿಸಿದ್ರು. ಆ ವರ್ಷದ ಕೊನೇ ದಿನ, ಡಿಸೆಂಬರ್ 31ಕ್ಕೆ ಮೊದಲ ತಂಡ ಬಂತು (ಕಂಕನಾಡಿ ಆಸ್ಪತ್ರೆಯ ಫಾದರ್ ಮುಲ್ಲರ್ ಬಂದಿದ್ದೂ ಅದರಲ್ಲೇ). 1880ರ ಜನವರಿಯಲ್ಲಿ ಕಾಲೇಜು ಶುರುವಾಯ್ತು, ಗುಡ್ಡದಲ್ಲಲ್ಲ, ಕೊಡಿಯಾಲ್‌ಬೈಲಲ್ಲಿ. ಆಮೇಲೆ ಗುಡ್ಡದ ಮೇಲೆ ಕಟ್ಟಡ, ಪಕ್ಕದಲ್ಲಿ ಚಾಪೆಲ್.

ಆದ್ರೆ ಚಾಪೆಲ್ ಎದ್ದು ಹದಿನೈದು ವರ್ಷದ ಹತ್ತಿರ ಈಗ ಕಾಣೋ ಚಿತ್ರಗಳು ಯಾವುದೂ ಇರ್ಲಿಲ್ಲ. 1899ರಲ್ಲಿ ಚಿತ್ರಕಾರ ಅಂತೋನಿಯೋ ಮೊಸ್ಕೇನಿ ಬಂದ್ರು. ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊ ಊರಿನವರು, ದೊಡ್ಡ ಕಲಾಶಾಲೆಯಲ್ಲಿ ಕಲಿತವರು, ಮೂವತ್ತೈದರ ಪ್ರಾಯದಲ್ಲಿ ಎಲ್ಲ ಬಿಟ್ಟು ಜೆಸ್ವಿಟ್ ಸಭೆಗೆ ಸೇರಿದ್ರು, ಅದೂ ಫಾದರ್ ಆಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಅಂದ್ರೆ ಪೂಜೆ ಕೊಡ್ಲಿಕ್ಕಿಲ್ಲ, ಸಭೆ ಹೇಳಿದ ಕೆಲಸ ಮಾಡ್ಬೇಕು. ಇವರಿಗೆ ಸಿಕ್ಕಿದ ಕೆಲಸ ಗೋಡೆ.

ಎರಡು ವರ್ಷಕ್ಕೂ ಮೇಲೆ ಅದೇ ಕೆಲಸ. ಗೋಡೆಯದ್ದು ಫ್ರೆಸ್ಕೊ, ಅಂದ್ರೆ ಸುಣ್ಣದ ಗಾರೆ ಹಸಿ ಇರುವಾಗ್ಲೇ ಬಣ್ಣ ಹಚ್ಬೇಕು, ಗಾರೆ ಗಟ್ಟಿಯಾಗ್ತಾ ಬಣ್ಣವೂ ಅದರೊಳಗೇ ಕೂತುಬಿಡ್ತದೆ. ಅದಕ್ಕೇ ಒಂದು ದಿನದಲ್ಲಿ ಎಷ್ಟು ಬರೀಲಿಕ್ಕೆ ಆಗ್ತದೋ ಅಷ್ಟೇ ಗಾರೆ ಮೆತ್ತೋದು, ತಪ್ಪಾಯ್ತಾ, ಕೆತ್ತಿ ತೆಗೆದು ಮತ್ತೆ ಮೊದಲಿಂದ. ಅದೂ ನಮ್ಮ ಊರಿನ ಮಳೆಗಾಲದಲ್ಲಿ, ಹಗ್ಗದ ಮೇಲಿನ ಬಟ್ಟೆ ಮೂರು ದಿನ ಆದ್ರೂ ಒಣಗದ ಊರಲ್ಲಿ! ಮೇಲೆ ಸೀಲಿಂಗಿನದ್ದು ಮಾತ್ರ ಕ್ಯಾನ್ವಾಸ್ ಮೇಲೆ ಆಯಿಲ್ ಪೇಂಟ್.

ಆ ಸೀಲಿಂಗಲ್ಲಿ ಇರೋದು ಚಾಪೆಲಿಗೆ ಹೆಸರು ಕೊಟ್ಟ ಸಂತ, ಅಲೋಶಿಯಸ್ ಗೊನ್ಜಾಗನ ಬದುಕು. 1568ರಲ್ಲಿ ಹುಟ್ಟಿದ ಶ್ರೀಮಂತರ ಮನೆ ಹಿರಿ ಮಗ, ಅಪ್ಪನ ಪಟ್ಟ ಇವನಿಗೇ ಬರ್ಬೇಕಿತ್ತು, ತಮ್ಮನಿಗೆ ಬಿಟ್ಕೊಟ್ಟು ಹದಿನೇಳಕ್ಕೆ ಜೆಸ್ವಿಟರ ಜೊತೆ ಸೇರಿದ. ಅಪ್ಪ ಒಪ್ಲೇ ಇಲ್ಲ, ಮನೇಲಿ ವರ್ಷಗಟ್ಟಲೆ ಜಗಳ. 1591ರಲ್ಲಿ ರೋಮಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳನ್ನ ಹೊತ್ತು ತಂದು ಸೇವೆ ಮಾಡ್ತಾ ತಾನೂ ಹೋದ, ವಯಸ್ಸು ಬರೀ 23. ಕೆಳಗೆ ಬೆಂಚಲ್ಲಿ ಕೂತು ಕತ್ತೆತ್ತಿ ನೋಡ್ತಿದ್ದ ಹುಡುಗರದ್ದೂ ಹೆಚ್ಚುಕಮ್ಮಿ ಅದೇ ಪ್ರಾಯ, ಅಪ್ಪನ ಜೊತೆ ಜಗಳ ಅವರಿಗೆ ಹೊಸತಾ? ಹಿಂದಿನ ಗೋಡೆಯಲ್ಲಿ ಯೇಸುವಿನ ಸುತ್ತ ಮಕ್ಕಳು. ಯಾರಿಗೋಸ್ಕರ ಬರೀತಿದ್ದೇನೆ ಅಂತ ಮೊಸ್ಕೇನಿಯವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಲೆಕ್ಕ.

1990ರ ದಶಕದಲ್ಲಿ ಇಂಟ್ಯಾಕ್‌ನವರು (ಹಳೇ ಕಟ್ಟಡ, ಕಲೆ ಕಾಪಾಡೋ ಸಂಸ್ಥೆ) ಬಂದು ಚಿತ್ರಗಳನ್ನ ಸರಿಮಾಡಿದ್ರು, ಇಲ್ಲದಿದ್ರೆ ನಮ್ಮ ತೇವ ಎಷ್ಟು ಉಳಿಸ್ತಿತ್ತೋ. ಒಳಗೆ ಫೋಟೋ ತೆಗೀಲಿಕ್ಕಿಲ್ಲ, ತಮ್ಮನಿಗೆ ಅದೊಂದೇ ಬೇಜಾರು. ಆದ್ರೆ ಫೋನ್ ಜೇಬಿಗೆ ಹೋದ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಮೇಲೆ ನೋಡ್ತಾ ಕೂತ, ಆ ಹುಡುಗ ಇಷ್ಟು ಹೊತ್ತು ಬಾಯಿಮುಚ್ಚಿ ಕೂತದ್ದು ನಾನಂತೂ ನೋಡಿಲ್ಲ.

ಹೊರಗೆ ಬಂದ ಮೇಲೆ ಕೇಳಿದ, "ಆ ಬ್ರದರ್ ವಾಪಸ್ ಇಟಲಿಗೆ ಹೋದ್ರಾ?" ಇಲ್ಲ. ಇಲ್ಲಿಂದ ಮುಂಬೈಯ ಹೋಲಿ ನೇಮ್ ಕೆಥೆಡ್ರಲ್, ಆಮೇಲೆ ಕೊಚ್ಚಿಯ ಸಾಂತಾ ಕ್ರೂಜ್ ಚರ್ಚ್. ಅಲ್ಲಿ ಕೆಲಸ ಮಾಡ್ತಿರುವಾಗ್ಲೇ ತೀರಿಕೊಂಡ್ರು, 1905ರ ನವೆಂಬರ್ 15ಕ್ಕೆ. ಆ ಇಗರ್ಜಿಯ ಉದ್ಘಾಟನೆ ನಾಲ್ಕು ದಿನ ಕಳೆದು, 19ಕ್ಕೆ.